ಅಂದರ್ ಬಾಹರ್‌ನಲ್ಲಿ ಕ್ಯಾಸಿನೋಗೆ ಲಾಭ ಹೇಗೆ?

ಪ್ರಶ್ನೆ: ಗೋವಾ ಕ್ಯಾಸಿನೋದಲ್ಲಿ ಅಂದರ್ ಬಾಹರ್ ಆಡೋದು ನೋಡ್ದೆ ಸರ್, ಇರೋದೇ ಎರಡು ಸೈಡು, ಅವ್ರಿಗೆ ದುಡ್ಡು ಎಲ್ಲಿಂದ ಉಳಿಯುತ್ತೆ? ಏನಾದ್ರೂ ಮೋಸಾನಾ?
– ಓದುಗರು, ದಾವಣಗೆರೆ

ಉತ್ತರ: ಮೋಸ ಬೇಕಾಗೇ ಇಲ್ಲ. ಮೊದಲು ಜೋಕರ್ ಅಂತ ಒಂದು ಎಲೆ ತೆಗೆದಿಡ್ತಾರೆ, ಆಮೇಲೆ ಅಂದರ್, ಬಾಹರ್ ಎರಡೂ ಕಡೆ ಒಂದೊಂದೇ ಎಲೆ ಹಾಕ್ತಾ ಹೋಗ್ತಾರೆ, ಜೋಕರ್‌ನದೇ ಅಂಕಿ ಅಥವಾ ಚಿತ್ರದ ಎಲೆ ಬಿದ್ದ ಕಡೆ ಗೆಲುವು. ಇದ್ರಲ್ಲಿ ಮೊದಲ ಎಲೆ ಯಾವ ಕಡೆ ಬೀಳುತ್ತೋ ಆ ಕಡೆ ನೂರಕ್ಕೆ ಸುಮಾರು 51.5 ಸಲ ಗೆಲ್ಲುತ್ತೆ, ಇನ್ನೊಂದು ಕಡೆ 48.5. ಅದಕ್ಕೇ ಮೊದಲ ಎಲೆ ಅಂದರ್‌ಗೆ ಹಾಕೋ ಟೇಬಲ್‌ನಲ್ಲಿ ಸಾಮಾನ್ಯವಾಗಿ ಅಂದರ್ ಮೇಲೆ 100 ಕಟ್ಟಿ ಗೆದ್ರೆ ಲಾಭ 90 ಅಷ್ಟೇ, ಬಾಹರ್‌ಗೆ ಪೂರ್ತಿ 100 ಕೊಡ್ತಾರೆ, ನೋಡೋಕೆ ನ್ಯಾಯವಾಗೇ ಇದೆ ಅಲ್ವಾ! ಆದ್ರೆ ಲೆಕ್ಕ ಹಾಕಿ, ಅಂದರ್‌ನಲ್ಲಿ ನೂರಕ್ಕೆ ಸರಾಸರಿ 2 ರೂಪಾಯಿ ಚಿಲ್ಲರೆ, ಬಾಹರ್‌ನಲ್ಲಿ 3 ರೂಪಾಯಿ ಅವ್ರ ಗಲ್ಲಾಪೆಟ್ಟಿಗೆಗೇ. ಆಟ ಬೇರೆ ಬೇಗ ಮುಗಿಯುತ್ತೆ, ಒಂದೇ ನೂರು ರಾತ್ರಿಯೆಲ್ಲಾ ಸುತ್ತುತ್ತೆ. ಬೋರ್ಡಲ್ಲಿ ಹಿಂದಿನ ರಿಸಲ್ಟ್ ನೋಡಿ ಕಟ್ಟೋರಿಗೂ ಇದೇ ಲೆಕ್ಕ.