ಕೈಗುಣವಿದ್ದರೆ ಸಾಲದೇ? ದಂತವೈದ್ಯರ ನೋಂದಣಿ ಕುರಿತ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಪತ್ರ ಉದ್ದವಾಗಿದೆ. ಉಳಿದ ಓದುಗರಿಗಾಗಿ ಅದರ ಸಾರವನ್ನಷ್ಟೇ ಇಲ್ಲಿ ಹೇಳುತ್ತೇನೆ. ನಿಮ್ಮ ತಾಯಿಗೆ ಕೆಳದವಡೆಯಲ್ಲಿ ಉಳಿದಿರುವುದು ಮೂರೇ ಹಲ್ಲು. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಬಹುಕಾಲ ದುಡಿದು, ಈಗ ತಾವೇ ಅಳತೆ ತೆಗೆದು ಸೆಟ್ಟು ಕೂರಿಸಿಕೊಡುವ ಒಬ್ಬರ ಹತ್ತಿರ ಸೆಟ್ಟು ಮಾಡಿಸಿದಿರಿ. ಅದು ಚೆನ್ನಾಗಿಯೇ ಕೂತಿತು. ಕೆಲವು ತಿಂಗಳ ಮೇಲೆ ನಾಲಿಗೆಯ ಪಕ್ಕದ ಒಸಡಿನಲ್ಲಿ ಹುಣ್ಣಾಯಿತು. ಅವರು ಮತ್ತೆ ಮತ್ತೆ ಸೆಟ್ಟಿನ ಅಂಚು ತೇಯ್ದುಕೊಟ್ಟರೂ ಹುಣ್ಣು ಆರಲಿಲ್ಲ. ಆಮೇಲೆ ವಿಚಾರಿಸಿದಾಗ ಅವರ ಹೆಸರು ಯಾವ ನೋಂದಣಿ ಪಟ್ಟಿಯಲ್ಲೂ ಇಲ್ಲವೆಂದು ಗೊತ್ತಾಯಿತು. ಆದರೂ ನಿಮಗೆ ಅವರ ಮೇಲೆ ಸಿಟ್ಟಿಲ್ಲ. "ಕೈಗುಣ ಇರುವವರಿಗೆ ಕಾಗದ ಯಾಕೆ ಬೇಕು? ಈ ನೋಂದಣಿ ಎನ್ನುವುದು ದಂತವೈದ್ಯರು ತಮ್ಮ ಹೊಟ್ಟೆಪಾಡಿಗೆ ಹಾಕಿಕೊಂಡ ಬೇಲಿ ತಾನೆ?" ಎಂದು ಕೇಳಿದ್ದೀರಿ.

ಮೊದಲು ಹುಣ್ಣಿನ ಮಾತು. ಬಾಯೊಳಗಿನ ಹುಣ್ಣು ಮೂರು ವಾರ ಕಳೆದರೂ ಆರದಿದ್ದರೆ ಅದನ್ನು ದಂತವೈದ್ಯರೋ ವೈದ್ಯರೋ ಕಣ್ಣಾರೆ ನೋಡಲೇಬೇಕು. ಬಹಳಷ್ಟು ಸಲ ಅದು ಸೆಟ್ಟು ಒತ್ತಿ ಆದ ಗಾಯವೇ ಆಗಿರುತ್ತದೆ. ಆದರೆ ಬಾಯಿ ಕ್ಯಾನ್ಸರ್ ಕೂಡ ಶುರುವಿನಲ್ಲಿ ಹೀಗೆಯೇ, ನೋವೇ ಇಲ್ಲದ ಸಣ್ಣ ಹುಣ್ಣಾಗಿ ಕಾಣಿಸಿಕೊಳ್ಳಬಹುದು. ಈ ಉತ್ತರ ಅಚ್ಚಾಗುವವರೆಗೆ ಕಾಯಬಾರದೆಂದು ನಿಮಗೆ ಪ್ರತ್ಯೇಕವಾಗಿಯೂ ಬರೆದಿದ್ದೇನೆ.

ನಿಮ್ಮ ಪ್ರಶ್ನೆಗೆ ಉತ್ತರ ಕೂಡ ಆ ಹುಣ್ಣಿನಲ್ಲೇ ಇದೆ ಎಂದು ನನಗನಿಸುತ್ತದೆ. ಸೆಟ್ಟು ಮಾಡಿದವರ ಕೈಯಲ್ಲಿ ಕಸುಬಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಳತೆಯ ಅಚ್ಚು, ಮೇಣದ ಮೇಲೆ ಹಲ್ಲು ಜೋಡಿಸುವುದು, ಅಂಚನ್ನು ನಯಗೊಳಿಸುವುದು, ಇವೆಲ್ಲ ವರ್ಷಗಟ್ಟಲೆ ಕಲಿಯಬೇಕಾದ ಕೆಲಸಗಳು. ಆದರೆ ಅವರ ಕಣ್ಣು ಪಳಗಿರುವುದು ಸೆಟ್ಟಿನ ಮೇಲೆ. ಬಾಯಲ್ಲಿ ಹುಣ್ಣಾದಾಗ ಅವರು ಸೆಟ್ಟನ್ನು ನೋಡಿದರು, ಹುಣ್ಣನ್ನು ನೋಡಲಿಲ್ಲ. ಒಸಡು, ನಾಲಿಗೆ, ಮೂಳೆ, ರೋಗಿ ನುಂಗುವ ಬೇರೆ ಮಾತ್ರೆಗಳು, ಸಕ್ಕರೆ ಕಾಯಿಲೆ ಇವನ್ನೆಲ್ಲ ಒಟ್ಟಿಗೆ ಯೋಚಿಸುವ ಅಭ್ಯಾಸವನ್ನು ಅವರಿಗೆ ಯಾರೂ ಕಲಿಸಿಲ್ಲ. ಕಲಿತಿದ್ದಾರೆಯೇ ಎಂದು ಯಾರೂ ಪರೀಕ್ಷಿಸಿಯೂ ಇಲ್ಲ. ಹೀಗೆ ಪರೀಕ್ಷಿಸಿ ಹೆಸರು ಬರೆದುಕೊಳ್ಳುವುದಕ್ಕೇ ನೋಂದಣಿ ಎನ್ನುವುದು.

ಬೇಲಿಯ ಮಾತಿಗೆ ಬರುತ್ತೇನೆ. ನೀವು ಹೇಳಿದ್ದರಲ್ಲಿ ಸತ್ಯವಿದೆ, ಅದನ್ನು ಮುಚ್ಚಿಡಬೇಕಿಲ್ಲ. ಬ್ರಿಟನ್ನಿನಲ್ಲಿ 1878ರ ದಂತವೈದ್ಯರ ಕಾಯ್ದೆ ಬಂದದ್ದು ಓದಿ ಪರೀಕ್ಷೆ ಮುಗಿಸಿದ್ದ ದಂತವೈದ್ಯರೇ ಹಟ ಹಿಡಿದದ್ದರಿಂದ. ಮರುವರ್ಷ ತಯಾರಾದ ಮೊದಲ ಪಟ್ಟಿಯಲ್ಲಿ ಐದು ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದವು. ಅವರಲ್ಲಿ ಪರೀಕ್ಷೆ ಪಾಸಾದವರು ಸ್ವಲ್ಪವೇ ಜನ. ಉಳಿದವರೆಲ್ಲ ಆಗಾಗಲೇ ಹಲ್ಲು ಕೀಳುತ್ತಾ, ಕಟ್ಟುತ್ತಾ ಬದುಕುತ್ತಿದ್ದವರು. ಕಾಯ್ದೆ ಅವರನ್ನು ಹೊರಗಟ್ಟಲಿಲ್ಲ, ಒಳಗೆ ಕರೆದು ಹೆಸರು ಬರೆಸಿಕೊಂಡಿತು.

ಆದರೆ ಆ ಕಾಯ್ದೆಯಲ್ಲಿ ದೊಡ್ಡ ಕಂಡಿಯೊಂದು ಉಳಿದುಹೋಯಿತು. ಅದು ಕಾದದ್ದು 'ದಂತವೈದ್ಯ' ಎಂಬ ಹೆಸರನ್ನು ಮಾತ್ರ. ಕೆಲಸವನ್ನು ಯಾರು ಬೇಕಾದರೂ ಮಾಡಬಹುದಿತ್ತು. ಬೋರ್ಡಿನಲ್ಲಿ ಆ ಪದ ಹಾಕದೆ 'ಹಲ್ಲಿನ ಕೋಣೆ' ಎಂದೋ 'ಇಲ್ಲಿ ಹಲ್ಲು ಕಟ್ಟಲಾಗುತ್ತದೆ' ಎಂದೋ ಬರೆದುಕೊಂಡರೆ ಮುಗಿಯಿತು. 1910ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠವೇ ಇದರಲ್ಲಿ ತಪ್ಪಿಲ್ಲ ಎಂದು ತೀರ್ಪಿತ್ತಿತು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ರೋಗಿಗಳು ಈ ಗೊಂದಲದಲ್ಲೇ ಬಾಯಿ ತೆರೆದರು. 1921ರಲ್ಲಿ ಹೊಸ ಕಾಯ್ದೆ ತಂದು, ಪಟ್ಟಿಯಲ್ಲಿ ಹೆಸರಿಲ್ಲದವರು ಈ ಕೆಲಸವನ್ನೇ ಮಾಡಕೂಡದು ಎಂದ ಮೇಲೆ ಬಾಗಿಲು ಸರಿಯಾಗಿ ಮುಚ್ಚಿತು. ದಂತವೈದ್ಯರ ಹೊಟ್ಟೆಪಾಡಷ್ಟೇ ಗುರಿಯಾಗಿದ್ದರೆ 1878ರ ಕಾಯ್ದೆ ಅವರಿಗೆ ಬಹುಮಟ್ಟಿಗೆ ಸಾಕಾಗಿತ್ತು ಎಂದು ವಾದಿಸುವವರೂ ಇದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಬೇಲಿಯಿಂದ ಒಳಗಿದ್ದವರಿಗೂ ಲಾಭವಾಯಿತು, ಹೊರಗೆ ನಿಂತ ರೋಗಿಗೂ ಆಯಿತು.

ಭಾರತದ 1948ರ ದಂತವೈದ್ಯರ ಕಾಯ್ದೆ ಈ ಅನುಭವದಿಂದ ಕಲಿತಂತೆ ಕಾಣುತ್ತದೆ. ಅದರಲ್ಲಿ ಪಟ್ಟಿಗೆ ಎರಡು ಭಾಗಗಳಿದ್ದವು. ಮಾನ್ಯತೆ ಪಡೆದ ಪದವಿ ಇರುವವರು 'ಎ' ಭಾಗಕ್ಕೆ ಸೇರಿದರು. ಪದವಿಯಿಲ್ಲದಿದ್ದರೂ ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ಇದೇ ವೃತ್ತಿಯಿಂದ ಜೀವನ ಸಾಗಿಸುತ್ತಿದ್ದವರು 'ಬಿ' ಭಾಗಕ್ಕೆ ಸೇರಿದರು. ಅಲ್ಲಿಗೆ ಹಳಬರ ಲೆಕ್ಕ ಚುಕ್ತಾ ಆಯಿತು, ಹೊಸಬರು ಓದಿಯೇ ಬರಬೇಕಾಯಿತು. ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವುದು ಆ ಕಾಯ್ದೆ ಕೊಟ್ಟ ವಿವರಣೆ. ಹಲ್ಲು, ದವಡೆಗೆ ಮಾಡುವ ಚಿಕಿತ್ಸೆಯಷ್ಟೇ ದಂತವೈದ್ಯಕೀಯವಲ್ಲ. ಕೃತಕ ಹಲ್ಲು ಕೂರಿಸುವುದಕ್ಕಾಗಿ ಒಬ್ಬರ ಬಾಯಿಗೆ ಮಾಡುವ ಪೂರ್ವಸಿದ್ಧತೆ, ಕೊಡುವ ಸಲಹೆ ಕೂಡ ಅದರೊಳಗೆ ಬರುತ್ತದೆ. ಅಂದರೆ ಲ್ಯಾಬಿನ ಮೇಜಿನ ಮೇಲೆ ಸೆಟ್ಟು ತಯಾರಿಸುವುದು ಒಂದು ಕೆಲಸ, ರೋಗಿಯ ಬಾಯಿಗೆ ಕೈ ಹಾಕಿ ಅಳತೆ ತೆಗೆಯುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಡೆಂಟಲ್ ಮೆಕ್ಯಾನಿಕ್‌ ಎಂದು ಕಾಯ್ದೆಯಲ್ಲೇ ಪ್ರತ್ಯೇಕ ಪಟ್ಟಿಯಿತ್ತು. ಎರಡನೆಯದು ದಂತವೈದ್ಯರದು.

ಇದೇ 1948ರ ಕಾಯ್ದೆಯಲ್ಲಿ ಒಂದು ವಿನಾಯಿತಿ ಇತ್ತು, ಓದಿದಾಗಲೆಲ್ಲ ಅದನ್ನು ಬರೆದವರ ಮೇಲೆ ಗೌರವ ಹುಟ್ಟುತ್ತದೆ. ತುರ್ತಿದ್ದು, ನೋಂದಾಯಿತ ದಂತವೈದ್ಯರು ಯಾರೂ ಸಿಗದಿದ್ದರೆ, ಯಾರು ಬೇಕಾದರೂ ಹಲ್ಲು ಕೀಳಬಹುದಿತ್ತು. ಆದರೆ ಅರಿವಳಿಕೆ ಮಾತ್ರ ಕೊಡುವಂತಿರಲಿಲ್ಲ. ನೋವಿನಿಂದ ನರಳುವವನಿಗೆ ನೆರವಾದವನನ್ನು ಕಾನೂನು ಅಪರಾಧಿ ಮಾಡಲಿಲ್ಲ, ಅಪಾಯದ ಸೂಜಿಯನ್ನು ಮಾತ್ರ ಅವನ ಕೈಗೆ ಕೊಡಲಿಲ್ಲ. ಬ್ರಿಟನ್ನಿನ 1921ರ ಕಾಯ್ದೆಯಲ್ಲೂ ಔಷಧ ವ್ಯಾಪಾರಿಗಳಿಗೆ ಇಂಥದೇ ಅವಕಾಶವಿತ್ತು. 1948ರ ಕಾಯ್ದೆಯ ಜಾಗದಲ್ಲಿ ತರಲೆಂದು 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗದ ಕಾಯ್ದೆಯನ್ನು ಅಂಗೀಕರಿಸಿದೆ. ಶಿಕ್ಷಣಕ್ಕೆ, ಕಾಲೇಜುಗಳ ಮೌಲ್ಯಮಾಪನಕ್ಕೆ, ನೀತಿಸಂಹಿತೆ ಮತ್ತು ನೋಂದಣಿಗೆ ಬೇರೆ ಬೇರೆ ಮಂಡಳಿಗಳಿರಬೇಕು ಎಂಬುದು ಅದರ ವ್ಯವಸ್ಥೆ.

ಹಾಗಾದರೆ ಕಸುಬು ಬಲ್ಲವರಿಗೆ ದಾರಿಯೇ ಇಲ್ಲವೇ ಎಂದರೆ, ಇದೆ. ಈ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಕೆನಡಾದ ಪ್ರಾಂತ್ಯಗಳು, ಡೆನ್ಮಾರ್ಕ್, ಫಿನ್ಲೆಂಡ್, ಆಸ್ಟ್ರೇಲಿಯಾ ಮುಂತಾದ ಕಡೆ ಸೆಟ್ಟು ಮಾಡುವವರಿಗೇ ಹೆಚ್ಚುವರಿ ತರಬೇತಿ ಕೊಟ್ಟು, ಪರೀಕ್ಷಿಸಿ, ನೋಂದಾಯಿಸಿ, ರೋಗಿಯನ್ನು ನೇರವಾಗಿ ನೋಡಲು ಬಿಟ್ಟಿದ್ದಾರೆ. ಬ್ರಿಟನ್ನಿನಲ್ಲೂ ಅಂಥ ವರ್ಗವಿದೆ. ಆದರೆ ಅಲ್ಲಿನ ನಿಯಮ ಗಮನಿಸಿ: ಬಾಯಲ್ಲಿ ಒಂದೂ ಹಲ್ಲಿಲ್ಲದವರಿಗೆ ಮಾತ್ರ ಅವರು ನೇರವಾಗಿ ಪೂರ್ತಿ ಸೆಟ್ಟು ಮಾಡಿಕೊಡಬಹುದು. ಸ್ವಂತ ಹಲ್ಲು ಉಳಿದಿದ್ದರೆ ಮೊದಲು ದಂತವೈದ್ಯರು ನೋಡಿ ಚಿಕಿತ್ಸೆಯ ಯೋಜನೆ ಬರೆದುಕೊಡಬೇಕು. ನಿಮ್ಮ ತಾಯಿಗೆ ಉಳಿದಿರುವ ಆ ಮೂರು ಹಲ್ಲುಗಳು ಅಲ್ಲಾಗಿದ್ದರೆ ಅವರನ್ನು ತಾನಾಗಿಯೇ ದಂತವೈದ್ಯರ ಕುರ್ಚಿಗೆ ಕಳಿಸುತ್ತಿದ್ದವು. ಸೆಟ್ಟಿನ ಕೊಕ್ಕೆ ಹಿಡಿದುಕೊಳ್ಳುವ ಹಲ್ಲು ಗಟ್ಟಿಯಿದೆಯೇ, ಬುಡದಲ್ಲಿ ಕೀವಿದೆಯೇ ಎಂದು ನೋಡದೆ ಅದರ ಮೇಲೆ ಭಾರ ಹೇರಿದರೆ ಇದ್ದದ್ದೂ ಹೋಗುತ್ತದೆ. ಕಸುಬುದಾರರನ್ನು ಹೊರಗಿಟ್ಟು ಬಯ್ಯುವುದಕ್ಕಿಂತ ಹೀಗೆ ಎಲ್ಲೆ ಗುರುತಿಸಿ ಒಳಗೆ ತರುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ನೋಂದಣಿ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂಬುದೂ ತಿಳಿದಿರಲಿ. ಈ ವ್ಯಕ್ತಿ ಮಾನ್ಯ ಕಾಲೇಜಿನಲ್ಲಿ ಓದಿದ್ದಾರೆ, ಹೆಸರು ಮತ್ತು ಪದವಿ ನಿಜ, ಇವತ್ತಿಗೆ ವೃತ್ತಿ ಮಾಡುವ ಹಕ್ಕಿದೆ, ಇಷ್ಟನ್ನು ಅದು ಹೇಳುತ್ತದೆ. ಕೈ ಹಗುರವೇ, ದುಡ್ಡಿನ ವಿಚಾರದಲ್ಲಿ ನೇರವೇ ಎಂಬುದನ್ನು ಯಾವ ಪಟ್ಟಿಯೂ ಹೇಳಲಾರದು. ಇನ್ನೊಂದು ಮಾತು, ಗೋಡೆಗೆ ತೂಗುಹಾಕಿದ ಪ್ರಮಾಣಪತ್ರಗಳೆಲ್ಲ ನೋಂದಣಿಯಲ್ಲ. ವೃತ್ತಿಸಂಘದ ಸದಸ್ಯತ್ವ, ಎರಡು ದಿನದ ಕಾರ್ಯಾಗಾರದ ಕಾಗದ ಇವಕ್ಕೂ ಚೌಕಟ್ಟು ಹಾಕಿರುತ್ತಾರೆ. ನೋಡಬೇಕಾದದ್ದು ನೋಂದಣಿ ಪಟ್ಟಿ ಇಡುವ ರಾಜ್ಯ ದಂತವೈದ್ಯಕೀಯ ಪರಿಷತ್ತು ಕೊಟ್ಟ ನೋಂದಣಿ ಸಂಖ್ಯೆ. ಅದು ಯಾವ ವರ್ಗದ್ದು, ನವೀಕರಣವಾಗಿದೆಯೇ ಎಂಬುದನ್ನೂ ನೋಡಬೇಕು. ಬ್ರಿಟನ್ನಿನಲ್ಲಿ ದಂತವೈದ್ಯರು ಐದು ವರ್ಷದ ಅವಧಿಯಲ್ಲಿ ಕನಿಷ್ಠ 100 ಗಂಟೆ ಹೊಸ ಕಲಿಕೆಯ ದಾಖಲೆ ತೋರಿಸದಿದ್ದರೆ ಹೆಸರು ಪಟ್ಟಿಯಿಂದ ಹೋಗಬಹುದು. ಸಂಖ್ಯೆ ಕೇಳಿದರೆ ಬೇಸರ ಮಾಡಿಕೊಳ್ಳುತ್ತಾರೇನೋ ಎಂದು ಹಿಂಜರಿದಿದ್ದೀರಿ. ಸರಿಯಾಗಿ ನೋಂದಾಯಿಸಿಕೊಂಡವರು ಯಾಕೆ ಬೇಸರ ಮಾಡಿಕೊಳ್ಳಬೇಕು?

ಕೊನೆಯದಾಗಿ, ದೂರು ಕೊಡಬೇಕೇ ಎಂದು ಕೇಳಿದ್ದೀರಿ. ನೋಂದಾಯಿತ ದಂತವೈದ್ಯರಾಗಿದ್ದರೆ ಪರಿಷತ್ತು ವಿಚಾರಣೆ ನಡೆಸಿ, ಎಚ್ಚರಿಕೆ ಕೊಟ್ಟು ಅಥವಾ ಹೆಸರನ್ನೇ ತೆಗೆದುಹಾಕಿ ಶಿಸ್ತು ಜಾರಿ ಮಾಡುತ್ತದೆ. ಹಣ ವಾಪಸ್ ಕೊಡಿಸುವುದು ಸಾಮಾನ್ಯವಾಗಿ ಅದರ ಕೆಲಸವಲ್ಲ, ಅದಕ್ಕೆ ಗ್ರಾಹಕ ನ್ಯಾಯದ ಅಥವಾ ಕೋರ್ಟಿನ ದಾರಿ ಬೇರೆಯಿದೆ. ನಿಮ್ಮ ಪ್ರಕರಣದಲ್ಲಿ ತೆಗೆದುಹಾಕಲು ಹೆಸರೇ ಇಲ್ಲ. ನೋಂದಣಿಯಿಲ್ಲದೆ ವೃತ್ತಿ ನಡೆಸುವುದನ್ನೇ ಪರಿಷತ್ತಿನ ಗಮನಕ್ಕೆ ತರಬೇಕಾಗುತ್ತದೆ. ಆ ಮನುಷ್ಯನ ಅನ್ನ ಕಸಿಯುವ ಮನಸ್ಸಿಲ್ಲವೆಂದು ಬರೆದಿದ್ದೀರಿ, ಆ ಮಾತಿನ ಹಿಂದಿನ ಕಕ್ಕುಲಾತಿ ನನಗೆ ಅರ್ಥವಾಗುತ್ತದೆ. ಆದರೆ ನೀವು ಬರೆದ ಪ್ರಕಾರ ಅವರು ಇನ್ನೂ ದಿನಾಲೂ ಅಳತೆ ತೆಗೆಯುತ್ತಿದ್ದಾರೆ. ಆದ್ದರಿಂದ ದೂರು ಕೊಡಿ ಎಂದೇ ಹೇಳುತ್ತೇನೆ. ಜೊತೆಗೆ ದಂತವೈದ್ಯರೊಬ್ಬರ ಕೈಕೆಳಗೆ ಲ್ಯಾಬಿನ ಕೆಲಸ ಮುಂದುವರಿಸುವ ದಾರಿ ಅವರಿಗಿದೆ ಎಂದು ನೇರವಾಗಿ ಅವರಿಗೇ ಹೇಳಿ. ಸೆಟ್ಟನ್ನು ಎಸೆಯಬೇಡಿ, ತೇಯ್ದುಕೊಟ್ಟ ದಿನಾಂಕಗಳು ನೆನಪಿದ್ದಷ್ಟನ್ನು ಬರೆದಿಡಿ, ರಸೀದಿ ಇದ್ದರೆ ಅದರ ಪ್ರತಿ ತೆಗೆದಿಟ್ಟುಕೊಳ್ಳಿ. ಹೊಸದಾಗಿ ನೋಡುವ ದಂತವೈದ್ಯರಿಂದ ಪರೀಕ್ಷೆಯ ವಿವರವನ್ನು ಬರವಣಿಗೆಯಲ್ಲಿ ಪಡೆದು ದೂರಿನ ಜೊತೆ ಲಗತ್ತಿಸಿ.

ಸಂಪಾದಕ