ಸಂಪಾದಕರ ಉತ್ತರ: ಕೇಳದೆ ಬಂದ ಅಪ್‌ಡೇಟ್, ಕಾಣೆಯಾದ ಬಟನ್

ಓದುಗರೊಬ್ಬರ ಪತ್ರದ ಸಾರ: "ನನ್ನ ಎಲೆಕ್ಟ್ರಿಕ್ ಕಾರಿಗೆ ಮೂರು ವರ್ಷ. ಹೋದ ತಿಂಗಳು ಒಂದು ರಾತ್ರಿ ಅಪ್‌ಡೇಟ್ ಆಯಿತು. ಅಲ್ಲಿಂದ ಮೂರು ತೊಂದರೆ. ಯಾವಾಗಲೂ ಹೆಚ್ಚಿನ ಮಟ್ಟದಲ್ಲಿ ಇಟ್ಟುಕೊಳ್ಳುತ್ತಿದ್ದ ರೀಜೆನ್ (ಕಾಲೆತ್ತಿದಾಗ ಮೋಟರೇ ಕಾರನ್ನು ನಿಧಾನಗೊಳಿಸಿ ಬ್ಯಾಟರಿಗೆ ಕರೆಂಟ್ ತುಂಬುವ ವ್ಯವಸ್ಥೆ) ಈಗ ಪ್ರತಿ ಸಲ ಕಾರು ಆನ್ ಮಾಡಿದಾಗಲೂ ಕಡಿಮೆಗೆ ಇಳಿದಿರುತ್ತದೆ. ಮುಂದಿನ ಗಾಜಿನ ಮಂಜು ತೆಗೆಯುವ ಬಟನ್ ಸ್ಕ್ರೀನಿನ ಮೊದಲ ಪುಟದಿಂದ ಮೆನುವಿನ ಒಳಗೆ ಸೇರಿಕೊಂಡಿದೆ. ಫಾಸ್ಟ್ ಚಾರ್ಜಿಂಗ್ ನಿಧಾನವಾಗಿದೆ ಅನ್ನಿಸುತ್ತದೆ. ಹಳೆಯ ಸಾಫ್ಟ್‌ವೇರ್ ವಾಪಸ್ ಹಾಕಿ ಅಂದರೆ ಸರ್ವಿಸ್‌ನವರು ಆಗುವುದಿಲ್ಲ ಅನ್ನುತ್ತಾರೆ. ಪುಕ್ಕಟೆ ಬಂದದ್ದಕ್ಕೆ ಗೊಣಗಬೇಡ ಎಂದು ಗೆಳೆಯನ ಉಪದೇಶ. ಸಿಮ್ ಇರುವ ಮಾಡ್ಯೂಲಿನ ಫ್ಯೂಸ್ ಕಿತ್ತುಬಿಟ್ಟರೆ ಹೇಗೆ?"

ನಿಮ್ಮ ಪತ್ರ ಓದಿ ಸಂತೋಷವಾಯಿತು. 'ಕಾರು ಯಾಕೋ ಮೊದಲಿನ ಹಾಗಿಲ್ಲ' ಎಂದಷ್ಟೇ ಬರೆಯುವವರು ಬಹಳ. ನೀವು ಏನು ಬದಲಾಗಿದೆ ಎಂಬುದನ್ನು ಮೂರು ತುಂಡು ಮಾಡಿ ಹೇಳಿದ್ದೀರಿ. ಈ ಮೂರೂ ಒಂದೇ ಜಾತಿಯ ಬದಲಾವಣೆಗಳಲ್ಲ, ಮೂರಕ್ಕೂ ಒಂದೇ ಉತ್ತರವಿಲ್ಲ. ಆದರೆ ಮೊದಲು ನಿಮ್ಮ ಗೆಳೆಯರ ಮಾತು. ಪುಕ್ಕಟೆ ಎನ್ನುವುದು ತಪ್ಪು. ಆ ರೀಜೆನ್, ಆ ಬಟನ್, ಆ ಚಾರ್ಜಿಂಗ್ ವೇಗ ಎಲ್ಲವೂ ಸೇರಿದ ಕಾರನ್ನು ನೀವು ಓಡಿಸಿ ನೋಡಿ, ಒಪ್ಪಿ, ಹಣ ಕೊಟ್ಟು ತಂದಿದ್ದೀರಿ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆಯ ಕೋಡಂಗಿಯಾಗಿರಲು ನೀವು ಒಪ್ಪಬೇಕಾಗಿಲ್ಲ.

ಗೆಳೆಯರ ಪಕ್ಷದಲ್ಲೂ ಹುರುಳಿಲ್ಲದಿಲ್ಲ. 2018ರಲ್ಲಿ ಅಮೆರಿಕದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ ಟೆಸ್ಲಾ ಮಾಡೆಲ್ 3 ಕಾರನ್ನು ಪರೀಕ್ಷಿಸಿದಾಗ, ಗಂಟೆಗೆ 60 ಮೈಲಿ ವೇಗದಿಂದ ನಿಲ್ಲಲು ಅದು 152 ಅಡಿ ತೆಗೆದುಕೊಂಡಿತು. ಕೆಲವೇ ದಿನಗಳಲ್ಲಿ ಬ್ರೇಕಿನ ಹೊಸ ಸಾಫ್ಟ್‌ವೇರ್ ಇಂಟರ್ನೆಟ್ ಮೂಲಕವೇ ಕಾರಿಗೆ ಬಂತು. ಮರುಪರೀಕ್ಷೆಯಲ್ಲಿ 133 ಅಡಿ. ಒಂದು ನಟ್ಟು ಸಡಿಲಿಸದೆ 19 ಅಡಿ ಉಳಿಯಿತು. ಇನ್ನೊಂದು, 2015ರದ್ದು. ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಲಾಸೆಕ್ ಎಂಬ ಸಂಶೋಧಕರು ಓಡುತ್ತಿದ್ದ ಜೀಪನ್ನು ದೂರದಿಂದಲೇ ಹಿಡಿತಕ್ಕೆ ತೆಗೆದುಕೊಂಡು ತೋರಿಸಿದರು. ಆಗ 14 ಲಕ್ಷ ವಾಹನಗಳನ್ನು ರಿಕಾಲ್ ಮಾಡಬೇಕಾಯಿತು, ಮಾಲೀಕರಿಗೆ ಯುಎಸ್‌ಬಿ ಕಡ್ಡಿಗಳನ್ನು ಅಂಚೆಯಲ್ಲಿ ಕಳಿಸಬೇಕಾಯಿತು. ಇಂಥ ತೂತು ಮುಚ್ಚಲು ದೂರದ ಅಪ್‌ಡೇಟ್‌ಗಿಂತ ಒಳ್ಳೆಯ ದಾರಿಯಿಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನದನ್ನು ಹೇಳುತ್ತೇನೆ.

ತೂತು ಮುಚ್ಚುವ ತೇಪೆಯನ್ನೂ ನಿಮ್ಮ ಬಟನ್ ಸ್ಥಳಾಂತರವನ್ನೂ ಒಂದೇ ಗಂಟಿನಲ್ಲಿ ಕಟ್ಟಿ, 'ಬೇಕಿದ್ದರೆ ಎಲ್ಲವನ್ನೂ ತೆಗೆದುಕೋ, ಇಲ್ಲವೇ ಏನೂ ಇಲ್ಲ' ಎನ್ನುವುದೇ ನನ್ನ ತಕರಾರು. ಸುರಕ್ಷತೆಯದು ಒಂದು ಗಂಟು, ಉಳಿದದ್ದು ಇನ್ನೊಂದು ಗಂಟು ಆಗಬೇಕು. ಎರಡನೆಯದನ್ನು ಬೇಡ ಎನ್ನುವ ಹಕ್ಕು, ತೆಗೆದುಕೊಂಡ ಮೇಲೂ ಹಿಂದಿರುಗಿಸುವ ಹಕ್ಕು ಕಾರಿನ ಒಡೆಯನಿಗೆ ಇರಬೇಕು.

ಈಗ ನಿಮ್ಮ ಮೂರು ದೂರುಗಳು.

ರೀಜೆನ್ ತಂತಾನೆ ಇಳಿಯುವುದನ್ನು ಸಣ್ಣ ಕಿರಿಕಿರಿ ಎಂದುಕೊಳ್ಳಬೇಡಿ. ಮೂರು ವರ್ಷದಿಂದ ನಿಮ್ಮ ಬಲಗಾಲಿಗೆ ಒಂದು ಲೆಕ್ಕ ಕೂತಿದೆ: ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಕಾರು ಇಷ್ಟು ದೂರದಲ್ಲಿ ಇಷ್ಟು ನಿಧಾನವಾಗುತ್ತದೆ ಎಂದು. ಕಾಲಿನ ಲೆಕ್ಕಕ್ಕೂ ಕಾರಿನ ಲೆಕ್ಕಕ್ಕೂ ತಾಳೆ ಬೀಳದಿದ್ದರೆ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ಸೆಟ್ಟಿಂಗ್‌ನಲ್ಲಿ 'ಕೊನೆಯ ಆಯ್ಕೆಯನ್ನು ನೆನಪಿಟ್ಟುಕೋ' ಎಂಬಂಥದ್ದು ಇದೆಯೇ ಹುಡುಕಿ. ಡ್ರೈವ್ ಮೋಡ್‌ನಲ್ಲಿ 'ಕಸ್ಟಮ್' ಇದ್ದರೆ ರೀಜೆನ್ ಮಟ್ಟವನ್ನು ಅದರೊಳಗೆ ಉಳಿಸಿ ನೋಡಿ. ಎಷ್ಟೋ ಸಲ ಅಪ್‌ಡೇಟ್ ಆದಾಗ ಚಾಲಕರ ಪ್ರೊಫೈಲ್ ಅಳಿಸಿ 'ಗೆಸ್ಟ್' ಆಗಿರುತ್ತದೆ, ಗೆಸ್ಟ್‌ಗೆ ನೆನಪಿರುವುದಿಲ್ಲ. ಮತ್ತೆ ಲಾಗಿನ್ ಆದರೆ ಸರಿಹೋಗಬಹುದು. ಬ್ಯಾಟರಿ ತುಂಬಿರುವಾಗ, ತೀರಾ ತಣ್ಣಗಿರುವಾಗ ರೀಜೆನ್ ಕಡಿಮೆಯಾಗುವುದು ಸಹಜ. ಆದ್ದರಿಂದ ಪರೀಕ್ಷೆಯನ್ನು ಶೇ 50ರ ಆಸುಪಾಸು ಚಾರ್ಜ್ ಇರುವಾಗ ಮಾಡಿ.

ಮಂಜಿನ ಬಟನ್ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 16.7 ಮೀಟರ್ ಹೋಗುತ್ತದೆ. ಮೆನು ಹುಡುಕಲು ಮೂರು ಸೆಕೆಂಡು ಕಣ್ಣು ತೆಗೆದರೆ 50 ಮೀಟರ್ ಕುರುಡು ಓಟ. ಅದೂ ಗಾಜು ಮಂಜಾಗಿರುವ ಹೊತ್ತಿನಲ್ಲಿ! ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯುರೋಪಿನ ಸಂಸ್ಥೆ ಯುರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಹಜಾರ್ಡ್ ದೀಪ, ಹಾರ್ನ್, ವೈಪರ್, ತುರ್ತು ಕರೆ ಇವಕ್ಕೆ ಕೈಗೆ ಸಿಗುವ ಗುಂಡಿಗಳಿಲ್ಲದ ಕಾರುಗಳಿಗೆ ಅಂಕ ಕಡಿಮೆ ಮಾಡುತ್ತದೆ. ಮಂಜಿನ ಬಟನ್ ಆ ಪಟ್ಟಿಯಲ್ಲಿ ಇಲ್ಲ. ಇರಬೇಕಿತ್ತು. ಸದ್ಯಕ್ಕೆ ಸ್ಟಿಯರಿಂಗ್ ಮೇಲಿನ ನಕ್ಷತ್ರದ ಗುಂಡಿಗೋ ಸ್ಕ್ರೀನಿನ ಕೆಳಸಾಲಿಗೋ ಅದನ್ನು ಜೋಡಿಸಲು ಬರುತ್ತದೆಯೇ ನೋಡಿ. ಧ್ವನಿ ಆದೇಶಕ್ಕೆ ಸ್ಪಂದಿಸಿದರೂ ಅದೊಂದನ್ನೇ ನಂಬಬೇಡಿ, ಫ್ಯಾನ್ ಜೋರಾಗಿರುವಾಗ ಅದಕ್ಕೆ ಕೇಳಿಸುವುದು ಕಷ್ಟ.

ಮೂರನೆಯದು ಚಾರ್ಜಿಂಗ್. ಇಲ್ಲಿ ನಿಮ್ಮನ್ನು ಸ್ವಲ್ಪ ಗದರಲೇಬೇಕು. 'ನಿಧಾನವಾಗಿದೆ ಅನ್ನಿಸುತ್ತದೆ' ಎಂದು ಬರೆದಿದ್ದೀರಿ. ಅನ್ನಿಸಿಕೆಯನ್ನು ಹಿಡಿದು ಯಾವ ಕಂಪನಿಯ ಎದುರೂ ನಿಲ್ಲಲಾಗದು. ಅಳೆಯಿರಿ. ಅದೇ ಚಾರ್ಜರ್, ಸುಮಾರು ಅದೇ ಹವೆ, ಹತ್ತಿಪ್ಪತ್ತು ನಿಮಿಷ ಓಡಿಸಿ ಬ್ಯಾಟರಿ ಬೆಚ್ಚಗಾದ ಮೇಲೆ ಶೇ 10ರಿಂದ ಶುರುಮಾಡಿ. ಶೇ 20, 40, 60, 80 ಮುಟ್ಟಿದಾಗ ಸ್ಕ್ರೀನಿನ ಕಿಲೋವ್ಯಾಟ್ ಅಂಕಿಯ ಫೋಟೊ ತೆಗೆಯಿರಿ. ಪಕ್ಕದ ಗನ್ನಿಗೂ ಇನ್ನೊಂದು ಕಾರು ಚುಚ್ಚಿದ್ದರೆ ಕೆಲವು ಚಾರ್ಜರುಗಳು ಶಕ್ತಿಯನ್ನು ಹಂಚುತ್ತವೆ, ಆ ಲೆಕ್ಕ ಹಿಡಿಯಬೇಡಿ. ಹಳೆಯ ಚಾರ್ಜಿಂಗ್ ಬಿಲ್ಲುಗಳು ಫೋನಿನ ಆ್ಯಪ್‌ನಲ್ಲಿ ಇದ್ದೇ ಇರುತ್ತವೆ. ಎಷ್ಟು ನಿಮಿಷಕ್ಕೆ ಎಷ್ಟು ಯೂನಿಟ್ ಹೋಯಿತು ಎಂಬುದನ್ನು ಅಲ್ಲಿಂದ ಹೆಕ್ಕಿ ಪಕ್ಕಪಕ್ಕ ಬರೆಯಿರಿ.

ಜೊತೆಗೆ ಬ್ಯಾಟರಿಯ ಸಾಮರ್ಥ್ಯವನ್ನೂ ನೋಡಿಬಿಡಿ. ಮನೆಯ ಎಸಿ ಚಾರ್ಜರಿನಲ್ಲಿ ಶೇ 20ರಿಂದ 80ರವರೆಗೆ ತುಂಬಿಸಿ ಮೀಟರಿನ ಯೂನಿಟ್ ಬರೆದಿಡಿ. 60 ಯೂನಿಟ್ ಹಿಡಿಯುವ ಬ್ಯಾಟರಿಗೆ ಅದರ ಶೇ 60 ಎಂದರೆ 36. ಚಾರ್ಜಿಂಗ್‌ನಲ್ಲಿ ಶೇ 10ರಷ್ಟು ಸೋರಿಹೋಗುತ್ತದೆ ಎಂದಿಟ್ಟುಕೊಂಡರೆ ಮೀಟರಿನಲ್ಲಿ 40 ತೋರಬೇಕು. ಅಲ್ಲಿ 36 ಮಾತ್ರ ತೋರಿದರೆ ಬ್ಯಾಟರಿಯ ಹತ್ತರಲ್ಲೊಂದು ಪಾಲು ನಿಮಗೆ ಸಿಗುತ್ತಿಲ್ಲ. ಮೂರು ವರ್ಷದ ಸವೆತದಿಂದಲೂ ಸ್ವಲ್ಪ ಇಳಿಯುತ್ತದೆ. ಆದರೆ ಸವೆತ ನಿಧಾನದ್ದು, ಒಂದು ರಾತ್ರಿಯಲ್ಲಿ ಆಗುವಂಥದ್ದಲ್ಲ. ಸ್ಕ್ರೀನಿನ ಶೇಕಡಾ ಅಂಕಿಯನ್ನು ಮಾತ್ರ ನಂಬಬೇಡಿ. ಮೇಲಿನ ಮಿತಿಯನ್ನು ಇಳಿಸಿದ ಸಾಫ್ಟ್‌ವೇರ್ ಹೊಸ ಮಿತಿಯನ್ನೇ ನೂರು ಎಂದು ತೋರಿಸಬಲ್ಲದು.

ಇದು ಊಹೆಯ ಮಾತಲ್ಲ. 2019ರ ಮೇ ತಿಂಗಳಲ್ಲಿ ಟೆಸ್ಲಾ ಕಂಪನಿಯ ಒಂದು ಅಪ್‌ಡೇಟ್ ಕೆಲವು ಮಾಡೆಲ್ ಎಸ್ ಕಾರುಗಳ ಬ್ಯಾಟರಿಯ ಗರಿಷ್ಠ ವೋಲ್ಟೇಜನ್ನು ಇಳಿಸಿತು. ಒಂದು ಲಿಥಿಯಂ ಸೆಲ್ ಸಾಮಾನ್ಯವಾಗಿ 4.2 ವೋಲ್ಟ್‌ವರೆಗೆ ತುಂಬುತ್ತದೆ. ಆ ಮೇಲಂಚನ್ನು ಸ್ವಲ್ಪ ಕತ್ತರಿಸಿದರೂ ಹತ್ತಾರು ಕಿಲೋಮೀಟರ್ ಹೋಗಿಬಿಡುತ್ತದೆ. ಬ್ಯಾಟರಿಯ ಸುರಕ್ಷತೆ, ಬಾಳಿಕೆ ಎಂದು ಕಾರಣ ಕೊಟ್ಟರು. ಮಾಲೀಕರು ಕೋರ್ಟಿಗೆ ಹೋದರು. 2021ರಲ್ಲಿ 15 ಲಕ್ಷ ಡಾಲರಿಗೆ ರಾಜಿಯಾಯಿತು: 1,743 ಕಾರುಗಳು, ಒಬ್ಬೊಬ್ಬರಿಗೆ 625 ಡಾಲರ್. ಬ್ಯಾಟರಿಯಲ್ಲಿ ಅಪಾಯವಿದ್ದರೆ ಮಿತಿ ಹಾಕುವುದು ಸರಿಯೇ, ತೆಪ್ಪಗೆ ಹಾಕುವುದು ಸರಿಯಲ್ಲ. ಬ್ಯಾಟರಿಯಲ್ಲೇ ದೋಷವಿದ್ದರೆ ಕಂಪನಿ ಅದನ್ನು ಬದಲಿಸಿಕೊಡಬೇಕು. ಒಡೆಯನ ರೇಂಜ್ ಕತ್ತರಿಸಿ ತನ್ನ ವಾರಂಟಿ ಖರ್ಚು ಉಳಿಸಿಕೊಳ್ಳಬಾರದು.

ಸರ್ವಿಸ್‌ನವರ 'ಆಗುವುದಿಲ್ಲ' ಎಂಬ ಮಾತನ್ನು ಬಿಡಿಸಿ ನೋಡೋಣ. ಅದರಲ್ಲಿ ಅರ್ಧ ಸತ್ಯ. ಭದ್ರತೆಯ ತೇಪೆ ಹಾಕಿದ ಮೇಲೆ ಕಳ್ಳರು ಹಳೆಯ, ತೂತಿರುವ ಆವೃತ್ತಿಯನ್ನು ಮತ್ತೆ ತುಂಬದಿರಲಿ ಎಂದು ಹಿಂದಕ್ಕೆ ಹೋಗುವ ಬಾಗಿಲನ್ನು ಬೇಕೆಂದೇ ಮುಚ್ಚಿರುತ್ತಾರೆ. ಕಾರಿನೊಳಗಿನ ಹತ್ತಾರು ಇಸಿಯುಗಳ (ಬ್ರೇಕು, ಮೋಟರು ಮುಂತಾದವನ್ನು ನಡೆಸುವ ಪುಟ್ಟ ಕಂಪ್ಯೂಟರುಗಳ) ಆವೃತ್ತಿಗಳು ಒಂದಕ್ಕೊಂದು ಹೊಂದಿಕೆಯಾಗಿಯೂ ಇರಬೇಕು, ಒಂದನ್ನೇ ಹಿಂದಕ್ಕೆ ತಂದರೆ ಉಳಿದವು ತಗಾದೆ ತೆಗೆಯುತ್ತವೆ. ಇದು ನಿಜ. ಆದರೆ ಈಗಿನ ಎಷ್ಟೋ ಕಾರುಗಳ ಸ್ಕ್ರೀನ್ ಕಂಪ್ಯೂಟರಿನಲ್ಲಿ ಎ ಮತ್ತು ಬಿ ಎಂದು ಎರಡು ಖಾನೆಗಳಿರುತ್ತವೆ. ಒಂದರಿಂದ ಕಾರು ನಡೆಯುತ್ತಿರುವಾಗ ಹೊಸದು ಇನ್ನೊಂದಕ್ಕೆ ಇಳಿಯುತ್ತದೆ, ಕೆಟ್ಟರೆ ಹಳೆಯ ಖಾನೆಗೇ ಮರಳುತ್ತದೆ. ಅಂದರೆ ನಿಮ್ಮ ಹಳೆಯ ಪರದೆ ಸ್ವಲ್ಪ ಕಾಲ ಕಾರಿನೊಳಗೇ ಇರುತ್ತದೆ. ಅದೂ ಬೇಡ, ಬಟನ್ ಎಲ್ಲಿರಬೇಕು, ರೀಜೆನ್ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಒಂದು ಆಯ್ಕೆಯಾಗಿ ಬಿಡಲು ಹಿಂದಕ್ಕೆ ಹೋಗುವ ಅಗತ್ಯವೇ ಇಲ್ಲ. ಹಾಗೆ ಬಿಡಲು ಅವರಿಗೆ ಮನಸ್ಸಿಲ್ಲ, ಅಷ್ಟೇ.

ಫ್ಯೂಸ್ ಕೀಳಬೇಡಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ ಆಗುತ್ತದೆ. ತುರ್ತು ಕರೆಯ ಎಸ್‌ಒಎಸ್ ಗುಂಡಿ ಅದೇ ಮಾಡ್ಯೂಲಿನಿಂದ ಕೆಲಸ ಮಾಡುತ್ತದೆ, ಅಪಘಾತವಾದಾಗ ಕರೆ ಹೋಗುವುದಿಲ್ಲ. ಕೆಲವು ಮಾದರಿಗಳಲ್ಲಿ ಹ್ಯಾಂಡ್ಸ್‌ಫ್ರೀ ಮೈಕ್ ಕೂಡ ಸಾಯುತ್ತದೆ. ಭದ್ರತೆಯ ತೇಪೆಗಳೂ ನಿಲ್ಲುತ್ತವೆ. ಅದರ ಬದಲು ಸ್ವಯಂಚಾಲಿತ ಅಪ್‌ಡೇಟ್ ಆಫ್ ಮಾಡಿ, ವೈ-ಫೈ ಸಂಪರ್ಕ ಮರೆಸಿ, ಹೊಸ ಆವೃತ್ತಿ ಬಂದಾಗ ಎರಡು ಮೂರು ವಾರ ಮುಂದೂಡಿ. ಅದೇ ಮಾದರಿಯ ಮಾಲೀಕರು ಅಷ್ಟರಲ್ಲಿ ಒಳಿತು ಕೆಡುಕು ಹೇಳಿರುತ್ತಾರೆ. ರಿಕಾಲ್ ಎಂದು ಬಂದದ್ದನ್ನು ಮಾತ್ರ ಮುಂದೂಡಬೇಡಿ.

ಮೊದಲ ದಿನವೇ ಹಾಕಿಕೊಂಡವರ ಪಾಡು ಕೇಳಿ. 2023ರ ನವೆಂಬರಿನಲ್ಲಿ ರಿವಿಯನ್ ಕಂಪನಿ ತಪ್ಪು ಭದ್ರತಾ ಸರ್ಟಿಫಿಕೇಟ್ ಇದ್ದ ತಪ್ಪು ಆವೃತ್ತಿ ಕಳಿಸಿದ್ದರಿಂದ ಒಂದಷ್ಟು ಕಾರುಗಳ ಪರದೆಗಳೇ ಕಪ್ಪಾದವು. 2025ರಲ್ಲಿ ವೋಲ್ವೊದ ಒಂದು ಬ್ರೇಕ್ ಸಾಫ್ಟ್‌ವೇರ್ ಬಂದ ಮೇಲೆ, ಬಿ ಮೋಡ್ (ರೀಜೆನ್ ಹೆಚ್ಚಿರುವ ಗೇರು) ಅಥವಾ ಒಂದೇ ಪೆಡಲ್ ಚಾಲನೆಯಲ್ಲಿ (ಆಕ್ಸಿಲರೇಟರ್ ಬಿಟ್ಟರೇ ಕಾರು ನಿಲ್ಲುವ ವಿಧಾನ) 1 ನಿಮಿಷ 40 ಸೆಕೆಂಡಿಗೂ ಹೆಚ್ಚು ಇಳಿಜಾರಿನಲ್ಲಿ ಜಾರಿಬಿಟ್ಟು ಬ್ರೇಕ್ ಒತ್ತಿದರೆ ಬ್ರೇಕೇ ಹಿಡಿಯದಿರಬಹುದು ಎಂದು ರಿಕಾಲ್ ಮಾಡಬೇಕಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಜೀಪ್ ರ‍್ಯಾಂಗ್ಲರ್ 4ಎಕ್ಸ್‌ಇ ಕೆಲವು ಕಾರುಗಳು ಅಪ್‌ಡೇಟ್ ಆದ ಬೆನ್ನಿಗೇ ಓಡುತ್ತಿರುವಾಗ ಶಕ್ತಿ ಕಳೆದುಕೊಂಡವು.

ಹಾಕಿಕೊಳ್ಳುವ ದಿನ ಬಂದಾಗ 12 ವೋಲ್ಟ್ ಬ್ಯಾಟರಿಯನ್ನು ಮರೆಯಬೇಡಿ. ದೊಡ್ಡ ಬ್ಯಾಟರಿ ತುಂಬಿದ್ದರೂ ಇಸಿಯುಗಳಿಗೆ ಬರೆಯುವಾಗ ಕರೆಂಟ್ ಬರುವುದು ಈ ಚಿಕ್ಕದರಿಂದ. ಕಾರು ಕೆಲವು ಗಂಟೆ ನಿಂತ ಮೇಲೆ ಮಲ್ಟಿಮೀಟರಿನಲ್ಲಿ ಲೆಡ್ ಆ್ಯಸಿಡ್ ಬ್ಯಾಟರಿ 12.6 ತೋರಿದರೆ ತುಂಬಿದೆ, 12.2 ಎಂದರೆ ಅರ್ಧ. ಅರ್ಧವಿದ್ದಾಗ ಶುರುಮಾಡಬೇಡಿ. ಬರೆಯುತ್ತಿರುವ ನಡುವೆ ವೋಲ್ಟೇಜ್ ಕುಸಿದರೆ ಆ ಇಸಿಯು ಏಳದೇ ಹೋಗಬಹುದು. ಒಬಿಡಿ ಪೋರ್ಟಿನಲ್ಲಿ (ಮೆಕ್ಯಾನಿಕ್ ದೋಷ ಓದಲು ಬಳಸುವ ಕಿಂಡಿ) ಯಾವ ಸಾಧನ ಚುಚ್ಚಿದ್ದರೂ ತೆಗೆಯಿರಿ. ಮರುದಿನ ಬೆಳಗ್ಗೆ ದೂರ ಹೊರಡುವುದಿದ್ದರೆ ಆ ರಾತ್ರಿ ಬೇಡ. ಹಾಕುವ ಮೊದಲು ಆವೃತ್ತಿ ಸಂಖ್ಯೆ, ಬದಲಾವಣೆಗಳ ಪಟ್ಟಿ, ಸೆಟ್ಟಿಂಗಿನ ಪ್ರತಿ ಪುಟ, ಓಡೋಮೀಟರ್ ಎಲ್ಲದರ ಫೋಟೊ ಇರಲಿ. ಆದ ಮೇಲೆ ಲೇನ್ ಅಸಿಸ್ಟ್, ಚಾರ್ಜ್ ಮಿತಿ, ದತ್ತಾಂಶ ಹಂಚಿಕೆಯ ಒಪ್ಪಿಗೆ ಈ ಮೂರನ್ನು ಮೊದಲು ನೋಡಿ, ತಾವಾಗಿಯೇ ಬದಲಾಗುವ ಚಾಳಿ ಇವಕ್ಕಿದೆ. ಈ ಸಲ ನೀವು ಪಟ್ಟಿ ಓದದೆ 'ಒಪ್ಪಿದೆ' ಒತ್ತಿದಿರಿ ಎಂದು ನನ್ನ ಅನುಮಾನ. ಇನ್ನು ಮುಂದೆ ಹಾಗೆ ಮಾಡಬೇಡಿ.

ಕಾನೂನು ಎಲ್ಲಿದೆ ಎಂದು ಕೇಳುವಿರಿ. ವಾಹನಗಳ ಸಾಫ್ಟ್‌ವೇರ್ ಅಪ್‌ಡೇಟ್ ಕುರಿತ ವಿಶ್ವಸಂಸ್ಥೆಯ ಆರ್156 ನಿಯಮ 2021ರಿಂದ ಜಾರಿಯಲ್ಲಿದೆ, ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯ. ಅಪ್‌ಡೇಟ್ ಯಾಕೆ, ಏನು ಬದಲಾಗುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ, ಆಗ ಏನು ಕೆಲಸ ಮಾಡುವುದಿಲ್ಲ ಎಂದು ಬಳಕೆದಾರರಿಗೆ ಮೊದಲೇ ತಿಳಿಸಬೇಕು. ವಿಫಲವಾದರೆ ಹಳೆಯದಕ್ಕೆ ಅಥವಾ ಸುರಕ್ಷಿತ ಸ್ಥಿತಿಗೆ ಮರಳಬೇಕು. ಒಳ್ಳೆಯದೇ. ಆದರೆ ಸಫಲವಾದ, ನಿಮಗೆ ಮಾತ್ರ ಬೇಡವಾದ ಅಪ್‌ಡೇಟಿನಿಂದ ಮರಳುವ ಹಕ್ಕು ಅದರಲ್ಲಿಲ್ಲ. ಅದೇ ಐರೋಪ್ಯ ಒಕ್ಕೂಟದ 2019/770 ನಿರ್ದೇಶನದಲ್ಲಿ, ಡಿಜಿಟಲ್ ಸೇವೆಯೊಂದು ಗ್ರಾಹಕನಿಗೆ ಗಣನೀಯ ತೊಂದರೆಯಾಗುವಂತೆ ಬದಲಾದರೆ 30 ದಿನಗಳಲ್ಲಿ ಒಪ್ಪಂದ ಮುರಿಯುವ ಹಕ್ಕಿದೆ. ವಸ್ತುವಿನೊಳಗೇ ಕೂತ ಸಾಫ್ಟ್‌ವೇರ್ ಮಾತ್ರ ಅದರ ಹೊರಗೆ, ಬೇರೆ ನಿರ್ದೇಶನದ ಕೆಳಗೆ. ಫೋನಿನ ಆ್ಯಪ್‌ಗೆ ಸಿಗುವ ರಕ್ಷಣೆ ಕಾರಿಗೆ ಸಿಗದು.

ಕಾರಿನದ್ದು ಹೊಸ ರೋಗವೂ ಅಲ್ಲ. 2009ರಲ್ಲಿ ಅಮೆಜಾನ್ ಹಣ ಕೊಟ್ಟು ಕೊಂಡ ಪುಸ್ತಕಗಳನ್ನು ಓದುಗರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿತು. 2010ರಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ 3ರಲ್ಲಿ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕುವ ಸೌಲಭ್ಯವನ್ನು ಒಂದು ಅಪ್‌ಡೇಟಿನಿಂದ ಕಿತ್ತುಕೊಂಡಿತು. 2016ರಲ್ಲಿ ಎಚ್‌ಪಿ ಪ್ರಿಂಟರುಗಳು ಇದ್ದಕ್ಕಿದ್ದಂತೆ ಬೇರೆಯವರ ಕಾರ್ಟ್ರಿಜ್ ಬೇಡ ಎಂದವು. ಪುಸ್ತಕ, ಆಟ, ಪ್ರಿಂಟರ್ ಎಂದು ನಾವು ಸುಮ್ಮನಿದ್ದೆವು, ಅದು ಈಗ ಸ್ಟಿಯರಿಂಗ್‌ವರೆಗೆ ಬಂದಿದೆ. ಬಿಎಂಡಬ್ಲ್ಯು ಸೀಟು ಬಿಸಿಮಾಡಲು ತಿಂಗಳ ಬಾಡಿಗೆ ಕೇಳಿ, ಜನ ಬೈದ ಮೇಲೆ 2023ರಲ್ಲಿ ಕೈಬಿಟ್ಟಿತು. ಜನ ಬೈದದ್ದರಿಂದ ಬಿಟ್ಟಿತು ಎಂಬುದನ್ನು ಗಮನಿಸಿ.

ಆದ್ದರಿಂದ ಬರೆಯಿರಿ. ಫೋನಿನಲ್ಲಿ ಹೇಳಿದ್ದು ದಾಖಲೆಗೆ ಬರುವುದಿಲ್ಲ. ಕಂಪನಿಗೆ ಇಮೇಲ್ ಮಾಡಿ, ಸರ್ವಿಸ್‌ನವರ ಜಾಬ್ ಕಾರ್ಡಿನಲ್ಲೂ ಬರೆಸಿ: ಚಾಸಿ ಸಂಖ್ಯೆ, ಹಿಂದಿನ ಆವೃತ್ತಿ, ಈಗಿನ ಆವೃತ್ತಿ, ದಿನಾಂಕ, ಮೂರು ದೂರುಗಳು ಬೇರೆಬೇರೆಯಾಗಿ, ಚಾರ್ಜಿಂಗ್ ಅಂಕಿಗಳು. ಬದಲಾವಣೆಗಳ ಪಟ್ಟಿಯಲ್ಲಿ ಚಾರ್ಜಿಂಗ್ ಮಿತಿಯ ವಿಷಯ ಇತ್ತೇ ಇಲ್ಲವೇ ಎಂಬ ಒಂದೇ ಪ್ರಶ್ನೆಗೆ ಲಿಖಿತ ಉತ್ತರ ಕೇಳಿ. ಮಂಜಿನ ಬಟನ್ ವಿಚಾರವನ್ನು ನಿಮ್ಮ ದೇಶದ ವಾಹನ ಸುರಕ್ಷತಾ ಪ್ರಾಧಿಕಾರಕ್ಕೂ ಕಳಿಸಿ. ಶೇ 20, 40, 60, 80ರ ನಾಲ್ಕು ಅಂಕಿಗಳನ್ನು ನಮಗೂ ಕಳಿಸಿಕೊಡಿ, ಅದೇ ಮಾದರಿಯ ಬೇರೆ ಓದುಗರೂ ಕಳಿಸಿದರೆ ಒಟ್ಟಿಗೆ ಪ್ರಕಟಿಸುತ್ತೇವೆ.