ಪೇಚು ಇರುವುದು ಪ್ರಶ್ನೆಯಲ್ಲೇ

ಗೆಳೆಯರನ್ನು ತಬ್ಬಿಬ್ಬುಗೊಳಿಸುವಂಥ ಸಾಮಾನ್ಯ ಜ್ಞಾನದ ಪ್ರಶ್ನೆಗಳನ್ನು ಕಳುಹಿಸಿ ಎಂದು ಕೇಳಿದ್ದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ರಶ್ನೆಗಳಾಗಿರದೆ ಜಗಳಗಳಾಗಿದ್ದವು. ಯಾರು ಸರಿ ಎಂದು ತೀರ್ಮಾನಿಸಿ ಕೊಡಿ ಎಂಬುದೇ ಬಹುತೇಕರ ಬೇಡಿಕೆ. ಅವುಗಳಲ್ಲಿ ಏಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ದೀಪಾವಳಿಗೆ ಗೆಳೆಯರೆಲ್ಲ ಸೇರಿದ್ದಾಗ "ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು?" ಎಂದು ಕೇಳಿದೆ. ನನ್ನ ಮನಸ್ಸಿನಲ್ಲಿದ್ದ ಉತ್ತರ ಕೆ.ಸಿ. ರೆಡ್ಡಿ. ಒಬ್ಬರು ನಿಜಲಿಂಗಪ್ಪ ಎಂದರು, ಇನ್ನೊಬ್ಬರು ದೇವರಾಜ ಅರಸು ಎಂದರು. ಊಟ ಮುಗಿದರೂ ವಾದ ಮುಗಿಯಲಿಲ್ಲ. (ಓದುಗರು, ದಾವಣಗೆರೆ)

ಉತ್ತರ: ಮೂವರ ಉತ್ತರಕ್ಕೂ ಆಧಾರವಿದೆ, ಸಡಿಲವಾಗಿದ್ದದ್ದು ತಾವು ಕೇಳಿದ ಪ್ರಶ್ನೆ. ಕೆ.ಸಿ. ರೆಡ್ಡಿಯವರು 1947ರ ಅಕ್ಟೋಬರ್ 25ರಂದು ಅಧಿಕಾರ ವಹಿಸಿಕೊಂಡದ್ದು ಹಳೆಯ ಮೈಸೂರಿನ ಮುಖ್ಯಮಂತ್ರಿಯಾಗಿ. ಆ ಮೈಸೂರಿನಲ್ಲಿ ಧಾರವಾಡವಾಗಲಿ ಬೆಳಗಾವಿಯಾಗಲಿ ಇರಲಿಲ್ಲ, ಅವು ಮುಂಬಯಿಗೆ ಸೇರಿದ್ದವು. ಕಲಬುರಗಿ, ರಾಯಚೂರು, ಬೀದರ್ ಹೈದರಾಬಾದಿನಲ್ಲಿದ್ದವು. ಮಂಗಳೂರು ಮದ್ರಾಸಿನ ಆಡಳಿತದಲ್ಲಿತ್ತು. ಈ ಎಲ್ಲ ಭಾಗಗಳೂ ಒಂದುಗೂಡಿ ವಿಶಾಲ ಮೈಸೂರು ರಾಜ್ಯವಾದ 1956ರ ನವೆಂಬರ್ 1ರಂದು ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪ. ಆದರೆ ಅಂದಿಗೂ ರಾಜ್ಯದ ಹೆಸರು ಕರ್ನಾಟಕವಲ್ಲ. ಹೆಸರು ಬದಲಾದದ್ದು 1973ರ ನವೆಂಬರ್ 1ರಂದು, ಆಗ ಆ ಸ್ಥಾನದಲ್ಲಿದ್ದವರು ದೇವರಾಜ ಅರಸು. ವಿಚಿತ್ರವೆಂದರೆ 1972ರಲ್ಲಿ ಅರಸರು ಪ್ರಮಾಣವಚನ ಸ್ವೀಕರಿಸಿದ್ದು ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿಯೇ. ಕುರ್ಚಿ ಬದಲಾಗದೆ ರಾಜ್ಯದ ಹೆಸರು ಬದಲಾಯಿತು.

ತಮ್ಮ ಕೂಟದಲ್ಲಿ ಮಡಿಕೇರಿಯವರು ಯಾರಾದರೂ ಇದ್ದಿದ್ದರೆ ನಾಲ್ಕನೆಯ ಹೆಸರೂ ಬರುತ್ತಿತ್ತು. ಕೊಡಗು 1956ರವರೆಗೆ ಪ್ರತ್ಯೇಕ ರಾಜ್ಯವಾಗಿದ್ದು, ಅದಕ್ಕೆ ತನ್ನದೇ ಮುಖ್ಯಮಂತ್ರಿಯಿದ್ದರು, ಅವರು ಸಿ.ಎಂ. ಪೂಣಚ್ಚ. ಮುಂದಿನ ದೀಪಾವಳಿಗೆ ಪ್ರಶ್ನೆಯನ್ನು ಹೀಗೆ ಕೇಳಿ: "ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ದಿನ ಮುಖ್ಯಮಂತ್ರಿಯಾಗಿದ್ದವರು ಯಾರು?" ಒಂದೇ ಉತ್ತರ ಉಳಿಯುತ್ತದೆ, ಆದರೂ ಅರ್ಧದಷ್ಟು ಜನ ತಪ್ಪು ಹೇಳುತ್ತಾರೆ.

ಪ್ರಶ್ನೆ: ಆಲೂಗಡ್ಡೆ, ಗೆಣಸು, ಕಡಲೆಕಾಯಿ ಮೂರೂ ಮಣ್ಣಿನಲ್ಲಿ ಬೆಳೆಯುವುದರಿಂದ ಮೂರೂ ಬೇರುಗಳೇ ಎಂದು ನಾನು ಹೇಳಿದರೆ ಪಿಯುಸಿ ಓದುವ ಮಗಳು ನಗುತ್ತಾಳೆ. ಅವಳ ನಗುವಿಗೆ ಕಾರಣವಿದೆಯೇ? (ಓದುಗರು, ಹಾಸನ)

ಉತ್ತರ: ಇದೆ. ಮೂರರಲ್ಲಿ ಬೇರು ಒಂದೇ, ಅದು ಗೆಣಸು. ಹಾಸನದ ಸುತ್ತ ಆಲೂಗಡ್ಡೆ ಬೆಳೆಯುವ ರೈತರಿಗೆ ಇದನ್ನು ಪುಸ್ತಕದಿಂದ ವಿವರಿಸಬೇಕಾಗಿಯೇ ಇಲ್ಲ, ಏಕೆಂದರೆ ಬಿತ್ತನೆಯ ಗಡ್ಡೆಯನ್ನು ಕತ್ತರಿಸುವಾಗ ಪ್ರತಿ ಹೋಳಿನಲ್ಲೂ ಒಂದಾದರೂ "ಕಣ್ಣು" ಇರುವಂತೆ ಅವರು ನೋಡಿಕೊಳ್ಳುತ್ತಾರೆ. ಆ ಕಣ್ಣು ಎಂದರೆ ಮೊಗ್ಗು, ಮತ್ತು ಗೆಣ್ಣಿನಲ್ಲಿ ಹೀಗೆ ಕ್ರಮವಾಗಿ ಮೊಗ್ಗು ಮೂಡುವುದು ಕಾಂಡದ ಲಕ್ಷಣ. ಆದ್ದರಿಂದ ಆಲೂಗಡ್ಡೆಯು ನೆಲದೊಳಗೆ ಆಹಾರ ತುಂಬಿಕೊಂಡು ಊದಿಕೊಂಡ ಕಾಂಡ. ಅಡುಗೆಮನೆಯ ಬುಟ್ಟಿಯಿಂದ ಒಂದನ್ನು ಕೈಗೆತ್ತಿಕೊಂಡು ನಿಧಾನವಾಗಿ ತಿರುಗಿಸಿದರೆ ಕಣ್ಣುಗಳು ಅಡ್ಡಾದಿಡ್ಡಿಯಾಗಿರದೆ ಸುರುಳಿಯಾಗಿ ಸಾಗಿರುವುದು ಕಾಣುತ್ತದೆ. ಕೆಲವು ದಿನ ಬಿಸಿಲಿಗೆ ಇಟ್ಟರೆ ಅದರ ಸಿಪ್ಪೆ ಹಸಿರಾಗುತ್ತದೆ (ಹಾಗೆ ಹಸಿರಾದುದನ್ನು ತಿನ್ನಬಾರದು). ಗೆಣಸಿನ ಮೈಮೇಲೆ ಅಂಥ ಕಣ್ಣುಗಳ ಸಾಲಿಲ್ಲ, ಅಲ್ಲಲ್ಲಿ ನವಿರಾದ ಬೇರಿನ ಎಳೆಗಳಷ್ಟೇ ಇರುತ್ತವೆ.

ಕಡಲೆಕಾಯಿಯದು ಇನ್ನೂ ಸೊಗಸಾದ ಕಥೆ. ಅದರ ಹಳದಿ ಹೂವು ಬಿಡುವುದು ನೆಲದ ಮೇಲೆಯೇ. ಪರಾಗಸ್ಪರ್ಶವಾಗಿ ಗರ್ಭ ಕಟ್ಟಿದ ನಂತರ ಹೂವಿನ ಬುಡದಿಂದ ಸೂಜಿಯಂಥ ತೊಟ್ಟೊಂದು ಕೆಳಮುಖವಾಗಿ ಬೆಳೆದು ಮಣ್ಣನ್ನು ಹೊಕ್ಕು, ಕತ್ತಲಲ್ಲಿ ಅದರ ತುದಿ ಕಾಯಾಗುತ್ತದೆ. ಅಂದರೆ ಅದು ಬೇರೂ ಅಲ್ಲ ಗಡ್ಡೆಯೂ ಅಲ್ಲ, ನೆಲದೊಳಗೆ ಅಡಗಿ ಬಲಿತ ಕಾಯಿ. ಅವರೆ, ತೊಗರಿಗಳ ಕುಟುಂಬದ್ದು. ಬಸವನಗುಡಿಯ ಪರಿಷೆಯಲ್ಲಿ ಸೇರುಗಟ್ಟಲೆ ಕಡಲೆಕಾಯಿ ಕೊಳ್ಳುವವರಲ್ಲಿ ಎಷ್ಟು ಜನರಿಗೆ ಇದು ತಿಳಿದಿದೆ ಎಂದು ಪರೀಕ್ಷಿಸಿ ನೋಡಬಹುದು. ಮಗಳಿಗೆ ಮರುಪ್ರಶ್ನೆ ಹಾಕಬೇಕೆನಿಸಿದರೆ ಶುಂಠಿ ಮತ್ತು ಈರುಳ್ಳಿಯ ಬಗ್ಗೆ ಕೇಳಿ: ಶುಂಠಿ ಕಾಂಡ, ಈರುಳ್ಳಿಯಲ್ಲಿ ನಾವು ತಿನ್ನುವುದು ಎಲೆಯ ದಪ್ಪ ಬುಡಗಳನ್ನು.

ಪ್ರಶ್ನೆ: 2100 ಅಧಿಕ ವರ್ಷವೇ? ನಾಲ್ಕರಿಂದ ಭಾಗವಾಗುತ್ತದಲ್ಲ! (ಓದುಗರು, ಮುಂಬಯಿ)

ಉತ್ತರ: ಅಲ್ಲ. ಋತುಗಳ ಒಂದು ಸುತ್ತು ಪೂರ್ಣವಾಗಲು ತೆಗೆದುಕೊಳ್ಳುವ ಕಾಲ 365 ದಿನಕ್ಕೆ ಪೂರ್ತಿ ಕಾಲು ದಿನ ಸೇರಿಸಿದಷ್ಟಲ್ಲ, ಸುಮಾರು 365.2422 ದಿನ. ನಾಲ್ಕು ವರ್ಷಕ್ಕೊಂದು ದಿನ ಸೇರಿಸುತ್ತ ಹೋದರೆ ಲೆಕ್ಕ ಸ್ವಲ್ಪ ಹೆಚ್ಚಾಗುವುದರಿಂದ, ಶತಮಾನದ ವರ್ಷವು 400ರಿಂದ ಭಾಗವಾದರೆ ಮಾತ್ರ ಫೆಬ್ರವರಿಗೆ 29 ದಿನ. ಹಾಗಾಗಿ 2000 ಅಧಿಕ ವರ್ಷವಾಗಿತ್ತು, 1900 ಆಗಿರಲಿಲ್ಲ, 2100 ಆಗುವುದಿಲ್ಲ. ನಮ್ಮ ಪಂಚಾಂಗದ ಅಧಿಕ ಮಾಸದ ಲೆಕ್ಕವೇ ಬೇರೆ, ಅದನ್ನು ಇಲ್ಲಿಗೆ ತರುವುದು ಬೇಡ.

ಇದೇ ನಿಯಮದಿಂದ ನನಗೆ ಬಹಳ ಇಷ್ಟವಾದ ಪ್ರಶ್ನೆಯೊಂದು ಹುಟ್ಟುತ್ತದೆ. ಒಂದು ಕಾಲಕ್ಕೆ ತಮ್ಮ ಮುಂಬಯಿ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಮೊರಾರ್ಜಿ ದೇಸಾಯಿಯವರು ಹುಟ್ಟಿದ್ದು 1896ರ ಫೆಬ್ರವರಿ 29ರಂದು. ಅವರ ಬದುಕಿನಲ್ಲಿ ಆ ತಾರೀಖು ಮತ್ತೆ ಮೊದಲ ಬಾರಿ ಬಂದಾಗ ಅವರಿಗೆ ಎಷ್ಟು ವರ್ಷ? ಕೇಳಿದ ಎಲ್ಲರೂ ನಾಲ್ಕು ಎನ್ನುತ್ತಾರೆ. 1900ರಲ್ಲಿ ಫೆಬ್ರವರಿ 29 ಇರಲೇ ಇಲ್ಲವಾದ್ದರಿಂದ ಸರಿಯಾದ ಉತ್ತರ ಎಂಟು. 1977ರಲ್ಲಿ, ತಮ್ಮ 81ನೆಯ ವಯಸ್ಸಿನಲ್ಲಿ ಅವರು ಪ್ರಧಾನಿಯಾದಾಗ ಆ ತಾರೀಖಿನ ಹುಟ್ಟುಹಬ್ಬಗಳು ಬಂದಿದ್ದವು ಬರೀ 19.

ಪ್ರಶ್ನೆ: ಜಗತ್ತಿನ ಅತಿ ಎತ್ತರದ ಪರ್ವತ ಎವರೆಸ್ಟ್ ಅಲ್ಲ ಎಂದು ಗೆಳೆಯನೊಬ್ಬ ನೂರು ರೂಪಾಯಿ ಪಂಥ ಕಟ್ಟಿದ್ದಾನೆ. ಹಣ ಕೊಡಬೇಕೇ? (ಓದುಗರು, ಶಿವಮೊಗ್ಗ)

ಉತ್ತರ: ಕೊಡಬೇಡಿ. ಅಳತೆಯನ್ನು ಹೇಳದೆ ಬರೀ ಎತ್ತರ ಎಂದರೆ ಅದು ಸಮುದ್ರಮಟ್ಟದಿಂದ ಎಂದೇ ಅರ್ಥ, ಆ ಲೆಕ್ಕದಲ್ಲಿ 8,848.86 ಮೀಟರ್ ಎತ್ತರದ ಎವರೆಸ್ಟೇ ಮೊದಲನೆಯದು. ಈ ಅಂಕಿಯನ್ನು ನೇಪಾಳ ಮತ್ತು ಚೀನಾ 2020ರಲ್ಲಿ ಒಟ್ಟಾಗಿ ಪ್ರಕಟಿಸಿದವು. ತಮ್ಮ ಗೆಳೆಯರ ಮನಸ್ಸಿನಲ್ಲಿ ಇದ್ದದ್ದು ಬಹುಶಃ ಹವಾಯಿ ದ್ವೀಪದ ಮೌನಾ ಕೀ. ಅದು ನೀರಿನ ಮೇಲೆ 4,207 ಮೀಟರ್ ಮಾತ್ರ ಕಾಣುತ್ತದೆಯಾದರೂ ಸಮುದ್ರದ ತಳದಲ್ಲಿರುವ ಬುಡದಿಂದ ಅಳೆದರೆ 10,000 ಮೀಟರ್ ದಾಟುತ್ತದೆ. ಮೂರನೆಯ ಅಳತೆಯೂ ಒಂದಿದೆ. ಬಿಸಿ ಮುದ್ದೆಯನ್ನು ತಟ್ಟೆಗೆ ಹಾಕಿದರೆ ಹೇಗೆ ಸ್ವಲ್ಪ ಕುಸಿದು ನಡುವಿನಲ್ಲಿ ಅಗಲವಾಗುತ್ತದೆಯೋ ಭೂಮಿಯೂ ಸಮಭಾಜಕದ ಬಳಿ ಹಾಗೆ ಉಬ್ಬಿದೆ. ಅಲ್ಲಿಯ ತ್ರಿಜ್ಯ ಧ್ರುವಗಳ ತ್ರಿಜ್ಯಕ್ಕಿಂತ ಸುಮಾರು 21 ಕಿ.ಮೀ. ಹೆಚ್ಚು. ಆ ಉಬ್ಬಿನ ಮೇಲೆ ನಿಂತಿರುವ ಈಕ್ವೆಡಾರ್‌ನ ಚಿಂಬೊರಾಸೊ, ಸಮುದ್ರಮಟ್ಟದಿಂದ ಸುಮಾರು 6,260 ಮೀಟರ್ ಇದ್ದರೂ, ಭೂಮಿಯ ಕೇಂದ್ರದಿಂದ ಅತಿ ದೂರದಲ್ಲಿರುವ ಶಿಖರವಾಗಿದೆ. ಪಂಥ ಕಟ್ಟುವವರು ಯಾವ ಅಳತೆ ಎಂಬುದನ್ನು ಮೊದಲೇ ಹೇಳಬೇಕಿತ್ತು.

ಪ್ರಶ್ನೆ: ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ ತಾನೇ? (ಓದುಗರು, ವಿರಾಜಪೇಟೆ)

ಉತ್ತರ: ಕೊಡಗಿನವರಿಗೆ ಈ ಉತ್ತರ ಹೇಳಲು ನನಗೂ ಬೇಸರ. ಒಲಿಂಪಿಕ್ಸ್‌ನಲ್ಲಿ ನಾವು ಎಂಟು ಬಾರಿ ಚಿನ್ನ ಗೆದ್ದ ಆಟವಾದರೂ ಅದನ್ನು ರಾಷ್ಟ್ರೀಯ ಕ್ರೀಡೆಯೆಂದು ಅಧಿಕೃತವಾಗಿ ಘೋಷಿಸಿಲ್ಲ. ಯಾವ ಆಟಕ್ಕೂ ಅಂಥ ಸ್ಥಾನ ನೀಡಿಲ್ಲವೆಂದು ಕೇಂದ್ರ ಕ್ರೀಡಾ ಸಚಿವಾಲಯವೇ 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿತ್ತು.

ಪ್ರಶ್ನೆ: ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಶಿವನಸಮುದ್ರ, ಅಲ್ಲಿಯ ವಿದ್ಯುತ್ ಮೊದಲು ಬೆಳಗಿದ್ದು ಬೆಂಗಳೂರನ್ನು. ಈ ಎರಡನ್ನು ನಮ್ಮ ಸಂಘದ ಕ್ವಿಜ್‌ನಲ್ಲಿ ಸೇರಿಸಬಹುದೇ? (ಓದುಗರು, ಮಂಡ್ಯ)

ಉತ್ತರ: ಎರಡನ್ನೂ ತೆಗೆಯಿರಿ. ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್ ಕೇಂದ್ರ 1897ರಲ್ಲಿಯೇ ಆರಂಭವಾಗಿತ್ತು, ಶಿವನಸಮುದ್ರ 1902ರದ್ದು. ಅಲ್ಲಿಯ ವಿದ್ಯುತ್ ಮೊದಲು ಹರಿದದ್ದು ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿದೀಪಗಳು 1905ರವರೆಗೆ ಕಾಯಬೇಕಾಯಿತು. ಅಷ್ಟು ದೂರಕ್ಕೆ ಆ ಕಾಲದಲ್ಲಿ ತಂತಿ ಎಳೆದದ್ದೇ ನಿಜವಾದ ಸಾಹಸ; "ಮೊದಲು" ಎಂಬ ಪಟ್ಟ ಶಿವನಸಮುದ್ರಕ್ಕೆ ಬೇಕಾಗಿಯೂ ಇಲ್ಲ.

ಪ್ರಶ್ನೆ: ಕನ್ನಡದ ಮೊದಲ ಶಾಸನ ಹಲ್ಮಿಡಿಯದು ಎಂದು ಮಕ್ಕಳಿಗೆ ಹೇಳಿಕೊಡುತ್ತಾ ಬಂದ ನಿವೃತ್ತ ಶಿಕ್ಷಕ ನಾನು. ಈಗ ಮೊಮ್ಮಗ ತಾಳಗುಂದ ಎನ್ನುತ್ತಾನೆ. (ಓದುಗರು, ಬೇಲೂರು)

ಉತ್ತರ: ಮೇಷ್ಟ್ರೇ, ತಾವು ಕಲಿಸಿದ್ದರಲ್ಲಿ ತಪ್ಪೇನಿಲ್ಲ, ಮೊಮ್ಮಗನೂ ಹೊಸದನ್ನು ಓದಿಕೊಂಡಿದ್ದಾನೆ. ತಮ್ಮ ತಾಲ್ಲೂಕಿನದೇ ಆದ ಹಲ್ಮಿಡಿಯ ಹದಿನಾರು ಸಾಲುಗಳ ಶಾಸನವನ್ನು 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಬೆಳಕಿಗೆ ತಂದರು. ಅದರ ಕಾಲ ಸುಮಾರು ಕ್ರಿ.ಶ. 450 ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ 2013-14ರಲ್ಲಿ ನಡೆದ ಉತ್ಖನನದಲ್ಲಿ ಸಿಂಹಕಟಾಂಜನದ (ಮೆಟ್ಟಿಲಿನ ಪಕ್ಕದ, ಸಿಂಹದ ಕೆತ್ತನೆಯಿರುವ ಕಲ್ಲಿನ ಕಟಕಟೆ) ಮೇಲೆ ದೊರೆತ ಚಿಕ್ಕ ಬರಹವು ಕ್ರಿ.ಶ. 370ರದ್ದೆಂದು ಪುರಾತತ್ತ್ವ ಇಲಾಖೆ ಹೇಳಿದೆ, ಅದರಲ್ಲಿ ಸಂಸ್ಕೃತವೂ ಕನ್ನಡವೂ ಇವೆ. ಇನ್ನೂ ಹಿಂದಕ್ಕೆ ಹೋದರೆ ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನದ "ಇಸಿಲ" ಎಂಬ ಊರಹೆಸರನ್ನೇ ಕನ್ನಡದ ಪದವೆಂದು ಗುರುತಿಸಿದ ವಿದ್ವಾಂಸರಿದ್ದಾರೆ, ಆದರೆ ಒಂದು ಪದವಿದ್ದ ಮಾತ್ರಕ್ಕೆ ಅದು ಕನ್ನಡ ಶಾಸನವಾಗುವುದಿಲ್ಲ. ಮೊಮ್ಮಗನನ್ನು "ಕನ್ನಡದ ಮೊದಲ ಶಾಸನ ಯಾವುದು?" ಎಂದು ಕೇಳುವುದನ್ನು ಬಿಟ್ಟು, "1936ರಲ್ಲಿ ಬೆಳಕಿಗೆ ಬಂದ, ಬೇಲೂರು ತಾಲ್ಲೂಕಿನ ಹದಿನಾರು ಸಾಲಿನ ಕನ್ನಡ ಶಾಸನ ಯಾವುದು?" ಎಂದು ಕೇಳಿ. ಆಗ ಅವನು ತಾಳಗುಂದ ಎನ್ನಲಾರ.